ಕಾರಣ ತಿಳಿಸಿ

ಕುಲ್ಡೀಗಾ ಊರಿನ ಲೈಬ್ರರಿಯಲ್ಲಿ
ಕಿಟಕಿ ಪಕ್ಕದ ಕಂಪ್ಯೂಟರು ಸ್ಕೈದ್ರೀತೆಯದು.
ಹಾಗಂತ ಎಲ್ಲೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು.
ಗುರುವಾರ ಹತ್ತಕ್ಕೆ ಬರುತ್ತಾಳೆ,
ಬೂಟಿನ ಹಿಮ ಕೊಡವಿ, ಕನ್ನಡಕ ಒರೆಸಿ
ಒಂದೇ ಬೆರಳಲ್ಲಿ ಪಾಸ್‌ವರ್ಡು ಕುಟ್ಟುತ್ತಾಳೆ
ಕಾಳು ಹೆಕ್ಕುವ ಕೋಳಿಯ ಹಾಗೆ.

ಅವಳದೊಂದು ಆನ್‌ಲೈನ್ ಅಂಗಡಿ. ಉಣ್ಣೆಯ ಕೈಗವಸು.
ತಂಗಿ ಇಲ್ಗಾ ಹೆಣೆಯುವುದು, ಇವಳು ಮಾರುವುದು.
ತೆರೆದ ದಿನ ಮೂರು ನಿಮಿಷ ಸಾಕಾಗಿತ್ತು.
‘ಮೊದಲ ತಿಂಗಳು ಉಚಿತ’ ಎಂದಿತ್ತು ಪರದೆ,
ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿದಂತೆ.

ಆಮೇಲೆ ಇಲ್ಗಾಳ ಕಣ್ಣು ಮೆಲ್ಲಗೆ ಮಂಜಾಯಿತು.
ಕಡ್ಡಿಗಳು ಬುಟ್ಟಿ ಸೇರಿದವು.
ಎರಡು ವರ್ಷದಲ್ಲಿ ಹೋದದ್ದು ಏಳು ಜೊತೆ,
ಅದರಲ್ಲೊಂದು ಸೋದರಳಿಯ ಕೊಂಡದ್ದು, ದಾಕ್ಷಿಣ್ಯಕ್ಕೆ.
ಆದರೂ ಪ್ರತಿ ತಿಂಗಳ ಐದಕ್ಕೆ
ಇಪ್ಪತ್ತೊಂಬತ್ತು ಯೂರೋ ಖಾತೆಯಿಂದ ಇಳಿಯುತ್ತದೆ.
ಸೋರುವ ನಲ್ಲಿ ಅನ್ನೋಣವೆಂದರೆ
ನಲ್ಲಿಗಾದರೂ ಸದ್ದಿದೆ.

‘ರದ್ದು ಮಾಡಿಸಿಕೊಡು’ ಅಂದಳು.
ನಾನು ಪುಸ್ತಕಕ್ಕೆ ಮುದ್ರೆ ಒತ್ತುವವನು, ವಕೀಲನಲ್ಲ.
ಕುರ್ಚಿ ಎಳೆದುಕೊಂಡೆ.

ಸೆಟ್ಟಿಂಗ್ಸ್. ಅದರೊಳಗೆ ಖಾತೆ. ಅದರೊಳಗೆ ಯೋಜನೆ.
ಯೋಜನೆಯ ಬುಡದಲ್ಲಿ, ಬೂದಿಯ ಮೇಲೆ ಬೂದಿ ಬಣ್ಣ,
ಇರುವೆಯಷ್ಟು ಅಕ್ಷರ: ಬಿಟ್ಟು ಹೋಗುವೆ.
ಒತ್ತಿದೆವು.
ನಿಜವಾಗಿಯೂ? ಎಂದಿತು.
ಅಳುವ ಮುಖದ ಒಂದು ಪೆಟ್ಟಿಗೆ ತೋರಿಸಿತು.
ಮೂರು ತಿಂಗಳು ಅರ್ಧ ಬೆಲೆಗೆ ಇರಿ ಎಂದಿತು.
ಕಾರಣ ತಿಳಿಸಿ ಎಂದಿತು. ಆರು ಕಾರಣ ಅವರೇ ಕೊಟ್ಟಿದ್ದರು,
ತಂಗಿಯ ಕಣ್ಣು ಅದರಲ್ಲಿರಲಿಲ್ಲ.
ಕೊನೆಗೆ, ನಮ್ಮ ಪ್ರತಿನಿಧಿಯೊಡನೆ ಮಾತಾಡಿ.
ಪ್ರತಿನಿಧಿ ಇರುವ ಊರಲ್ಲಿ ಆಗ ನಡುರಾತ್ರಿ.
ಹೆಬ್ಬಾಗಿಲಲ್ಲಿ ಕರೆದು
ಸೂಜಿಗಣ್ಣಲ್ಲಿ ಹೋಗೆನ್ನುವ ಮನೆ.

‘ನನಗೂ ಹಕ್ಕು ಅಂತ ಒಂದಿರಬೇಕಲ್ಲ!’
ರೀಗಾದ ಗ್ರಾಹಕರ ಕಚೇರಿಗೆ ಫೋನು ಹಚ್ಚಿದೆವು.
ಐನಾರ್ಸ್ ಎಂಬವನು, ನೆಗಡಿಯ ದನಿ:
‘ಅಮ್ಮಾ, ಇದನ್ನು ತಗೊಂಡದ್ದು
ಸ್ವಂತ ಬಳಕೆಗೋ, ವ್ಯಾಪಾರಕ್ಕೋ?’
‘ವ್ಯಾಪಾರಕ್ಕೆ.’
‘ಹಾಗಾದರೆ ನೀವು ಗ್ರಾಹಕರಲ್ಲ. ವ್ಯಾಪಾರಿ.’

ಫೋನನ್ನು ಕಿವಿಯಿಂದ ತೆಗೆದು
ಅದರ ಮುಖ ನೋಡಿದಳು.
ಮೂವತ್ತೆಂಟು ವರ್ಷ ಡೇರಿಯಲ್ಲಿ ಬಾಟಲಿ ಎಣಿಸಿದವಳು
ಏಳು ಜೊತೆ ಗವಸಿಗೆ ವ್ಯಾಪಾರಿಯಾಗಿಬಿಟ್ಟಿದ್ದಳು,
ಯಾರೂ ಹೇಳಿರಲಿಲ್ಲ.

‘ಗ್ರಾಹಕರ ಕೊಡೆ ನಿಮ್ಮ ತಲೆವರೆಗೆ ಬರೋದಿಲ್ಲ.
ಆದರೂ ಕರಾರು ಓದಿ’ ಎಂದು ಸೀನಿದ,
‘ಹಗ್ಗಕ್ಕೆ ಎರಡು ತುದಿ. ಅದು ಅವರನ್ನೂ ಕಟ್ಟುತ್ತದೆ.’

ಓದಿದೆವು. ದೀಪ ಹಚ್ಚುವ ತನಕ ಓದಿದೆವು.
ಹದಿನೇಳನೇ ಕಲಮು:
ಮೂವತ್ತು ದಿನ ಮುಂಚೆ ಬರೆದು ತಿಳಿಸಿದರೆ ಸಾಕು.
ಕಾರಣ ಬೇಕೆಂದು ಎಲ್ಲೂ ಇರಲಿಲ್ಲ.
ಎರಡು ಸಾಲು ಬರೆದಳು. ತಾರೀಖು. ಸಹಿ.
ಒಂದು ಪ್ರತಿ ನನ್ನ ಮೇಜಿನ ಖಾನೆಯಲ್ಲಿ,
ಇನ್ನೊಂದು ಅವಳ ರೊಟ್ಟಿ ಡಬ್ಬದ ಅಡಿಯಲ್ಲಿ.

ವಿಚಿತ್ರ ನೋಡಿ, ಆ ಮೂವತ್ತು ದಿನದೊಳಗೇ
ಉಳಿದಿದ್ದ ಎಂಟನೇ ಜೊತೆಯೂ ಹೋಯಿತು,
ಫಿನ್ಲೆಂಡಿನ ಟಾಂಪೆರೆಗೆ.
ಒಂಬತ್ತನೇ ದಿನ ಅಲ್ಲಿಂದ ಪತ್ರ:
ವಾಪಸು ಕಳಿಸುತ್ತಿದ್ದೇನೆ. ಅಷ್ಟೇ.
ದೂರದಿಂದ ಕೊಂಡವರಿಗೆ ಹದಿನಾಲ್ಕು ದಿನ,
ಕಾರಣ ಹೇಳಬೇಕಿಲ್ಲ; ಇಲ್ಲಿಯ ಕಾನೂನು.
‘ಸುಮ್ಮನೆ ಒಂದು ಮಾತು ಕೇಳಬಹುದಲ್ಲ, ಯಾಕೆ ಅಂತ’ ಎಂದೆ.
ಕನ್ನಡಕದ ಮೇಲಿಂದ ನೋಡಿದಳು.
‘ನಿಜವಾಗಿಯೂ? ಅಂತ ಕೇಳಲಾ?’

ಹಣ ಅಂದೇ ಹೋಯಿತು, ಒಂದೇ ಬೆರಳಿನಿಂದ.

ಮಾರ್ಚಿನಲ್ಲಿ ಅಂಗಡಿ ಮುಚ್ಚಿತು.
ಹಿಮ ಇನ್ನೂ ಇದೆ.
ಗುರುವಾರ ಬರುವವಳ ಕೈಯಲ್ಲಿ ಈಗ
ಟಾಂಪೆರೆಗೆ ಹೋಗಿ ಬಂದ ಗವಸು.
ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ಕಣ್ಣಿ ಜಾರಿದೆ,
ಇಲ್ಗಾ ಕೊನೆಗೆ ಹೆಣೆದ ಜೊತೆಯಂತೆ ಅದು.
‘ಇಲ್ಲಿ ಗಾಳಿ ನುಗ್ಗುತ್ತದೆ’ ಅನ್ನುತ್ತಾಳೆ.
ಹೊಲಿದುಕೊಂಡಿಲ್ಲ.